ಕೆಟ್ಟಾಗ ಸುಮ್ಮನೆ ನಿಲ್ಲುವ ಜಾಣತನ

2024ರ ಜುಲೈ 19, ಶುಕ್ರವಾರ. ನಮ್ಮ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಕೌಂಟರಿನ ಸಿಬ್ಬಂದಿ ಕೀಲಿಮಣೆಯನ್ನು ಬದಿಗೆ ಸರಿಸಿ ಬಾಲ್‌ಪೆನ್ ಕೈಗೆತ್ತಿಕೊಂಡರು. ಪ್ರಯಾಣಿಕರ ಹೆಸರು, ವಿಮಾನದ ಸಂಖ್ಯೆ, ಸೀಟಿನ ಸಂಖ್ಯೆ ಎಲ್ಲವನ್ನೂ ಕೈಯಲ್ಲೇ ಬರೆದು ಬೋರ್ಡಿಂಗ್ ಪಾಸ್ ಕೊಟ್ಟರು. ಬೆಂಗಳೂರಿನಲ್ಲೂ ಸಾಲು ಬೆಳೆಯಿತು. ಅತ್ತ ಬ್ರಿಟನ್ನಿನಲ್ಲಿ ಎಷ್ಟೋ ವೈದ್ಯರಿಗೆ ತಮ್ಮ ರೋಗಿಗಳ ದಾಖಲೆ ತೆರೆಯಲಾಗಲಿಲ್ಲ. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 7 ಸಾವಿರ ಹಾರಾಟಗಳನ್ನು ರದ್ದು ಮಾಡಬೇಕಾಯಿತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೈಚೆಲ್ಲಿ ಕೂತಿದ್ದವು ಎಂದು ಮೈಕ್ರೋಸಾಫ್ಟ್ ಕಂಪನಿ ಆಮೇಲೆ ಲೆಕ್ಕ ಕೊಟ್ಟಿತು.

ಕಾರಣ ಕೇಳಿದರೆ ನಗು ಬಂದೀತು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಪುಟ್ಟದೊಂದು ಫೈಲು ಕಳಿಸಿತ್ತು. ಕನ್ನ ಹಾಕುವವರ ಹೊಸ ವರಸೆಗಳನ್ನು ಗುರುತಿಸುವುದು ಹೇಗೆಂಬ ಸೂಚನೆ ಅದರಲ್ಲಿತ್ತು. ಪರಿಶೀಲಿಸಬೇಕಾದ ಅಂಶಗಳು 21 ಎಂದು ಆ ಫೈಲು ಹೇಳಿತು. ಕಂಪ್ಯೂಟರಿನೊಳಗೆ ಮೊದಲೇ ಕೂತಿದ್ದ ಪ್ರೋಗ್ರಾಮಿನ ಕೈಗೆ ಬಂದಿದ್ದದ್ದು 20 ಅಂಶ ಮಾತ್ರ. ಇಲ್ಲದ 21ನೆಯದನ್ನು ಓದಲು ಹೋಗಿ ಅದು ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಅಷ್ಟೇ. ಯಂತ್ರ ನಿಂತಿತು.

‘ಇಷ್ಟಕ್ಕೆಲ್ಲ ಇಡೀ ಯಂತ್ರವೇ ಯಾಕೆ ನಿಲ್ಲಬೇಕು? ತಪ್ಪು ಮಾಡಿದ ಆ ಒಂದು ಪ್ರೋಗ್ರಾಮನ್ನು ಕತ್ತು ಹಿಡಿದು ಆಚೆ ತಳ್ಳಿ ಮುಂದೆ ಹೋಗಬಾರದೆ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಂಪ್ಯೂಟರ್ ಪಂಡಿತರು ಇದೇ ಪ್ರಶ್ನೆಯನ್ನು ಐವತ್ತು ವರ್ಷಗಳಿಂದಲೂ ಹಿಡಿದು ಜಗ್ಗಾಡುತ್ತಿದ್ದಾರೆ. ಅವರ ಜಗಳದ ಕಥೆಯಲ್ಲಿ ನಮಗೂ ಒಂದಷ್ಟು ಪಾಠವಿದೆ.

ಮೊದಲು ಯಂತ್ರದೊಳಗಿನ ಅಧಿಕಾರ ಹಂಚಿಕೆಯನ್ನು ನೋಡೋಣ. ಮದುವೆಯ ಛತ್ರವೊಂದನ್ನು ನೆನಪಿಸಿಕೊಳ್ಳಿ. ಅಡಿಗೆಯವರು, ಓಲಗದವರು, ಹೂವಿನವರು, ಪುರೋಹಿತರು ಎಲ್ಲರಿಗೂ ಅವರವರ ಕೆಲಸ. ಆದರೆ ಉಗ್ರಾಣದ ಬೀಗದ ಕೈ ಒಬ್ಬನ ಸೊಂಟದಲ್ಲಿ ಮಾತ್ರ. ಬೆಲ್ಲ ಬೇಕೆ, ಅವನನ್ನು ಕೇಳಬೇಕು. ಬಾಳೆಎಲೆ ಬೇಕೆ, ಅವನೇ ತೆಗೆದುಕೊಡಬೇಕು. ಕಂಪ್ಯೂಟರಿನಲ್ಲಿ ಪತ್ರ ಬರೆಯುವ, ಹಾಡು ಕೇಳಿಸುವ, ಲೆಕ್ಕ ಹಾಕುವ ಪ್ರೋಗ್ರಾಮುಗಳೆಲ್ಲ ಅಡಿಗೆಯವರು, ಓಲಗದವರು ಇದ್ದಂತೆ. ಮೆಮೊರಿ, ಡಿಸ್ಕು, ಪರದೆ, ಪ್ರಿಂಟರು ಎಂಬ ಸಾಮಾನುಗಳ ಬೀಗದ ಕೈ ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ಬಳಿ. ಅದರಲ್ಲೂ ಅದರ ತಿರುಳಾದ ‘ಕರ್ನೆಲ್’ ಎಂಬ ಭಾಗದ ಬಳಿ.

ಹಾಡಿನ ಪ್ರೋಗ್ರಾಮು ತಪ್ಪು ಮಾಡಿದರೆ ಕರ್ನೆಲ್ ಅದನ್ನು ಹೊರಗೆ ಕಳಿಸುತ್ತದೆ. ಓಲಗದವನು ಕುಡಿದು ಬಂದರೆ ಉಗ್ರಾಣಿ ಅವನನ್ನು ಗೇಟಿನ ಆಚೆ ಬಿಟ್ಟು ಬರುವ ಹಾಗೆ. ಮದುವೆ ನಿಲ್ಲುವುದಿಲ್ಲ. ಆದರೆ ಉಗ್ರಾಣಿಯದ್ದೇ ಬುದ್ಧಿ ಕೆಟ್ಟರೆ? ಯಾರ ಒಡವೆ ಪೆಟ್ಟಿಗೆ ಯಾರಿಗೆ ಕೊಟ್ಟೆನೆಂಬ ಲೆಕ್ಕವೇ ಅವನ ತಲೆಯಲ್ಲಿ ಕಲಸಿಹೋದರೆ? ಅವನು ಇನ್ನೂ ಹತ್ತು ಜನಕ್ಕೆ ಸಾಮಾನು ಹಂಚುವುದಕ್ಕಿಂತ ಬಾಗಿಲು ಎಳೆದು ಬೀಗ ಹಾಕಿ ‘ಯಾರಾದರೂ ಬನ್ನಿ’ ಎಂದು ಕೂಗುವುದು ವಾಸಿ. ಕರ್ನೆಲ್ ಮಾಡುವುದೂ ಅದನ್ನೇ. ಹಾಳಾದ ಮೆಮೊರಿಯನ್ನು ನಂಬಿ ಅದು ಕೆಲಸ ಮುಂದುವರಿಸಿದರೆ ನಿಮ್ಮ ಬ್ಯಾಂಕ್ ಖಾತೆಯ ಮೇಲೆ ಇನ್ನೊಬ್ಬರ ಲೆಕ್ಕ ಬರೆದೀತು, ಒಬ್ಬ ರೋಗಿಯ ರಕ್ತಪರೀಕ್ಷೆಯನ್ನು ಇನ್ನೊಬ್ಬನ ಹಾಳೆಗೆ ಅಂಟಿಸೀತು. ನಿಂತ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪು ಲೆಕ್ಕ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಕೂತಿರಬಲ್ಲದು.

ಕ್ರೌಡ್‌ಸ್ಟ್ರೈಕಿನ ಪ್ರೋಗ್ರಾಮು ಉಗ್ರಾಣದ ಹೊರಗಿದ್ದಿದ್ದರೆ ಅದೊಂದೇ ಸಾಯುತ್ತಿತ್ತು. ಕಳ್ಳರನ್ನು ಹಿಡಿಯುವ ಕೆಲಸವಲ್ಲವೆ? ಅದಕ್ಕೆ ಉಗ್ರಾಣದೊಳಗೇ ಕುರ್ಚಿ ಹಾಕಿಕೊಡಲಾಗಿತ್ತು. ಅದು ಎಡವಿದಾಗ ಕರ್ನೆಲ್ಲೇ ಎಡವಿದಂತಾಯಿತು.

ಈಗ ಹಳೆಯ ಜಗಳಕ್ಕೆ ಬರೋಣ. 1960ರ ದಶಕದ ನಡುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, ಜನರಲ್ ಎಲೆಕ್ಟ್ರಿಕ್ ಕಂಪನಿ ಮತ್ತು ಬೆಲ್ ಪ್ರಯೋಗಾಲಯ ಸೇರಿ ‘ಮಲ್ಟಿಕ್ಸ್’ ಎಂಬ ಭಾರಿ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಹೊರಟವು. ನಲ್ಲಿಯಲ್ಲಿ ನೀರು, ತಂತಿಯಲ್ಲಿ ಕರೆಂಟು ಬರುವ ಹಾಗೆ ಊರಿಗೆಲ್ಲ ಕಂಪ್ಯೂಟರ್ ಸೇವೆ ಹಗಲಿರುಳೂ ಹರಿಯಬೇಕೆಂಬುದು ಅವರ ಕನಸು. ಹಾಗೆ ಹರಿಯಬೇಕಾದರೆ ಏನೇ ಕೆಟ್ಟರೂ ಯಂತ್ರ ತಾನೇ ರಿಪೇರಿ ಮಾಡಿಕೊಂಡು ಮುಂದೆ ಸಾಗಬೇಕು. ಒಂದೊಂದು ತಪ್ಪಿಗೂ ಒಂದೊಂದು ಮದ್ದು ಅರೆಯುತ್ತ ಹೋದರು. ಆ ತಂಡದಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ಅವರು ನೆನೆಯುವ ಪ್ರಕಾರ ಅವರು ಬರೆಯುತ್ತಿದ್ದ ಪ್ರೋಗ್ರಾಮಿನ ಅರ್ಧದಷ್ಟು ಭಾಗ ಬರೀ ತಪ್ಪಿನಿಂದ ಚೇತರಿಸಿಕೊಳ್ಳುವ ಸಾಲುಗಳೇ ಆಗಿದ್ದವು. ಅಂದರೆ ಅರ್ಧ ಸಂಸಾರ, ಅರ್ಧ ಔಷಧಿ.

ಬೆಲ್ ಪ್ರಯೋಗಾಲಯ 1969ರಲ್ಲಿ ಈ ಕೂಟದಿಂದ ಹೊರಬಂತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಒಂದು ಪುಟ್ಟ ಯಂತ್ರದ ಮೇಲೆ ತಮ್ಮ ಪಾಡಿಗೆ ತಾವು ‘ಯುನಿಕ್ಸ್’ ಕಟ್ಟತೊಡಗಿದರು. ಇಂದು ನಿಮ್ಮ ಕಿಸೆಯಲ್ಲಿರುವ ಫೋನಿನಿಂದ ಹಿಡಿದು ಸೂಪರ್ ಕಂಪ್ಯೂಟರ್‌ಗಳವರೆಗೆ ಹರಡಿರುವ ಬಳ್ಳಿಯ ಬೀಜ ಅದು. ಒಮ್ಮೆ ವ್ಯಾನ್ ವ್ಲೆಕ್ ಅವರು ರಿಚಿಯವರ ಬಳಿ ತಮ್ಮ ಅರ್ಧಕ್ಕರ್ಧ ಔಷಧಿಯ ಕಥೆ ತೋಡಿಕೊಂಡರಂತೆ. ಅದನ್ನೆಲ್ಲ ತಾವು ಬಿಟ್ಟೇಬಿಟ್ಟಿದ್ದೇವೆ ಎಂದರಂತೆ ರಿಚಿ. ತಮ್ಮಲ್ಲಿ ‘ಪ್ಯಾನಿಕ್’ ಎಂಬ ಒಂದು ತುಣುಕು ಇದೆ, ತಪ್ಪು ಕಂಡರೆ ಅದನ್ನು ಕರೆಯುತ್ತೇವೆ, ಯಂತ್ರ ನಿಂತುಬಿಡುತ್ತದೆ, ಆಮೇಲೆ ಕಾರಿಡಾರಿನತ್ತ ಮುಖ ಮಾಡಿ ‘ಅದನ್ನೊಮ್ಮೆ ಮತ್ತೆ ಚಾಲೂ ಮಾಡಿ’ ಎಂದು ಕೂಗು ಹಾಕುತ್ತೇವೆ ಎಂಬುದು ಅವರ ಉತ್ತರದ ಸಾರ.

ಪ್ಯಾನಿಕ್ ಎಂದರೆ ದಿಗಿಲು. ಹೆಸರು ಗಾಬರಿ ಹುಟ್ಟಿಸಿದರೂ ಅದು ಮಾಡುತ್ತಿದ್ದ ಕೆಲಸ ಸರಳ. 1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ ಈ ತುಣುಕು ಹತ್ತು ಸಾಲಿಗೂ ಕಡಿಮೆ. ಏನು ತಪ್ಪಾಯಿತೆಂಬ ಮಾತನ್ನು ಮೊದಲು ಮೆಮೊರಿಯಲ್ಲಿ ಗುರುತು ಹಾಕಿಡುತ್ತದೆ. ಪರದೆಯೋ ಟೈಪ್ ಯಂತ್ರವೋ ಆಫ್ ಆಗಿದ್ದರೆ ಆಮೇಲೆ ಹುಡುಕಲು ಬೇಕಲ್ಲ. ಡಿಸ್ಕಿಗೆ ಬರೆಯದೆ ಉಳಿದಿರುವುದನ್ನು ಬರೆಯಲು ಒಂದು ಯತ್ನ ಮಾಡುತ್ತದೆ. ‘ಪ್ಯಾನಿಕ್’ ಎಂದು ಹೇಳಿ ಕಾರಣವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕುತ್ತದೆ. ಆಮೇಲೆ ಸುಮ್ಮನೆ ಸುತ್ತುತ್ತ ಕೂರುತ್ತದೆ. ಅಷ್ಟೇ ನಾಲ್ಕು ಕೆಲಸ. ನಾಲ್ಕನೆಯದು ಏನೂ ಮಾಡದಿರುವ ಕೆಲಸ.

ಇದು ಸೋಮಾರಿತನವಲ್ಲವೆ? ಮಲ್ಟಿಕ್ಸ್‌ನವರಿಗೆ ಹಾಗೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇದರ ಹಿಂದೆ ಗಟ್ಟಿ ತರ್ಕವಿದೆ. ಯಂತ್ರ ದಿನವೂ ಓಡಿಸುವ ಸಾಲುಗಳು ದಿನವೂ ಪರೀಕ್ಷೆಗೆ ಒಳಗಾಗುತ್ತವೆ. ಅಪರೂಪದ ತಪ್ಪನ್ನು ಸರಿಪಡಿಸಲೆಂದು ಬರೆದಿಟ್ಟ ಸಾಲುಗಳಿಗೆ ಆ ಭಾಗ್ಯವಿಲ್ಲ. ಅಟ್ಟದ ಮೇಲಿಟ್ಟ ಲಾಟೀನಿನಂತೆ ಅವು ವರ್ಷಗಟ್ಟಲೆ ಬಿದ್ದಿರುತ್ತವೆ. ಕರೆಂಟು ಹೋದ ರಾತ್ರಿ ಇಳಿಸಿ ನೋಡಿದರೆ ಬತ್ತಿ ಇರುವುದಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹಲವು ಯಂತ್ರಗಳಲ್ಲಿ ಹಂಚಿಕೊಂಡು ನಡೆಯುವ 5 ದೊಡ್ಡ ತಂತ್ರಾಂಶಗಳ 198 ಕುಸಿತಗಳನ್ನು ಅವರು ಬಿಡಿಸಿ ನೋಡಿದರು. ಅವುಗಳಲ್ಲಿ ಇಡೀ ವ್ಯವಸ್ಥೆಯನ್ನು ಮುಳುಗಿಸಿದಂಥ ದುರಂತಗಳ ಪೈಕಿ ಶೇ 92ರಷ್ಟಕ್ಕೆ ಕಾರಣ ಒಂದೇ: ಮಾರಕವೇನೂ ಅಲ್ಲದ ತಪ್ಪೊಂದನ್ನು ತಂತ್ರಾಂಶ ಗುರುತಿಸಿತ್ತು, ಆದರೆ ಅದನ್ನು ನಿಭಾಯಿಸುವ ಸಾಲುಗಳೇ ಸರಿಯಿರಲಿಲ್ಲ. ನೆಗಡಿಯಿಂದ ಬಚಾವಾದವನು ಕಷಾಯದಿಂದ ಸತ್ತ ಹಾಗೆ.

ಇನ್ನೊಂದು ತರ್ಕ ಜಿಮ್ ಗ್ರೇ ಅವರದು. ಬ್ಯಾಂಕುಗಳಿಗೆ ಎಂದೂ ನಿಲ್ಲದ ಕಂಪ್ಯೂಟರ್ ಮಾರುತ್ತಿದ್ದ ಟ್ಯಾಂಡೆಮ್ ಕಂಪನಿಯಲ್ಲಿ ಅವರು ಕೆಲಸದಲ್ಲಿದ್ದರು. ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂಬ ಬಗ್ಗೆ 1985ರಲ್ಲಿ ಅವರು ಬರೆದ ವರದಿ ಇಂದಿಗೂ ಪಾಠವಾಗಿದೆ. ಚೆನ್ನಾಗಿ ಪರೀಕ್ಷಿಸಿದ ತಂತ್ರಾಂಶದಲ್ಲಿ ಉಳಿದುಕೊಳ್ಳುವ ತಪ್ಪುಗಳಲ್ಲಿ ಬಹುಪಾಲು ಚಂಚಲವಾದವು ಎಂದರು ಅವರು. ಎರಡು ಕೆಲಸಗಳು ಒಂದೇ ಕ್ಷಣಕ್ಕೆ ಡಿಕ್ಕಿ ಹೊಡೆದಾಗ ಮಾತ್ರ ಅವು ತಲೆ ಎತ್ತುತ್ತವೆ. ಹುಡುಕಲು ಹೋದರೆ ಮಾಯವಾಗುತ್ತವೆ. ಇಂಥವಕ್ಕೆ ಮದ್ದು ಅರೆಯುವ ಅಗತ್ಯವಿಲ್ಲ. ತಪ್ಪು ಕಂಡ ಕ್ಷಣವೇ ನಿಲ್ಲಿಸಿ ಹೊಸದಾಗಿ ಶುರುಮಾಡಿದರೆ ಸಾಕು, ಎರಡನೆಯ ಸಲ ಅದೇ ಡಿಕ್ಕಿ ಆಗುವ ಸಂಭವ ಕಡಿಮೆ. ‘ಆಫ್ ಮಾಡಿ ಆನ್ ಮಾಡಿ ನೋಡಿ’ ಎಂದು ಅಂಗಡಿಯ ಹುಡುಗ ಹೇಳಿದಾಗ ನಾವು ಗೊಣಗುತ್ತೇವಲ್ಲ, ಅದರ ಹಿಂದೆ ಇಷ್ಟು ವಿಜ್ಞಾನವಿದೆ.

ನಿಲ್ಲುವುದು ಸುಲಭ ಎಂದುಕೊಳ್ಳಬೇಡಿ. ಅದರಲ್ಲೂ ತೊಡಕಿದೆ. ಹಳೆಯ ಯುನಿಕ್ಸ್‌ನ ಎರಡನೆಯ ಹೆಜ್ಜೆಯನ್ನೇ ನೋಡಿ. ನಿಲ್ಲುವ ಮುನ್ನ ಉಳಿದದ್ದನ್ನು ಡಿಸ್ಕಿಗೆ ಬರೆಯಬೇಕೆ, ಬೇಡವೆ? ಬರೆಯದಿದ್ದರೆ ಕೊನೆಯ ಅರೆ ನಿಮಿಷದ ಕೆಲಸ ಹೋಗುತ್ತದೆ. ಬರೆದರೆ, ಬುದ್ಧಿ ಕೆಟ್ಟ ಉಗ್ರಾಣಿಯ ಕೈಯಲ್ಲೇ ಲೆಕ್ಕದ ಪುಸ್ತಕ ಬರೆಸಿದ ಹಾಗೆ. ಅದೂ ಸಾಲದೆಂಬಂತೆ, ದಿಗಿಲುಬಿದ್ದು ನಿಲ್ಲುವ ಕೆಲಸದ ನಡುವೆಯೇ ಇನ್ನೊಂದು ತಪ್ಪಾಗಿ ಮತ್ತೆ ದಿಗಿಲುಬೀಳಬಹುದು. ವರ್ಷಗಳು ಕಳೆದಂತೆ ಈ ಪುಟ್ಟ ತುಣುಕಿಗೆ ಒಬ್ಬೊಬ್ಬರೂ ಒಂದೊಂದು ಬಾಲ ಅಂಟಿಸಿದರು. ಉಳಿದ ಪ್ರೊಸೆಸರುಗಳನ್ನು ನಿಲ್ಲಿಸು, ಪರದೆಗೆ ವಿವರ ಕೊಡು, ಇಂಥಿಂಥವರಿಗೆ ಸುದ್ದಿ ಮುಟ್ಟಿಸು, ಮೆಮೊರಿಯ ಪಡಿಯಚ್ಚನ್ನು ಡಿಸ್ಕಿಗೆ ಬರೆ ಎಂದೆಲ್ಲ ಪಟ್ಟಿ ಬೆಳೆಯಿತು. ಸಾಯುವವನ ಕೈಗೆ ಹತ್ತು ಫಾರಂ ಕೊಟ್ಟು ತುಂಬಿಸಿದಂತಾಯಿತು.

ಇದಕ್ಕೆ ಲಿನಕ್ಸ್‌ನವರು 2005ರಲ್ಲಿ ಒಂದು ಚೆಂದದ ಉಪಾಯ ಸೇರಿಸಿಕೊಂಡರು. ಯಂತ್ರ ಚಾಲೂ ಆಗುವಾಗಲೇ ಮೆಮೊರಿಯ ಒಂದು ಮೂಲೆಯನ್ನು ಯಾರೂ ಮುಟ್ಟದಂತೆ ಕಾದಿಟ್ಟು ಅಲ್ಲಿ ಇನ್ನೊಂದು ಪುಟ್ಟ ಕರ್ನೆಲ್ಲನ್ನು ಮಲಗಿಸುತ್ತಾರೆ. ದೊಡ್ಡದು ಕೆಟ್ಟಾಗ ಅದು ಹೆಚ್ಚೇನೂ ಮಾಡಲು ಹೋಗದೆ ಪುಟ್ಟದಕ್ಕೆ ಹೊಣೆ ಒಪ್ಪಿಸುತ್ತದೆ. ಪುಟ್ಟದು ಎದ್ದು, ಸತ್ತದ್ದರ ಮೆಮೊರಿಯನ್ನು ನಿಧಾನವಾಗಿ ಪಡಿಯಚ್ಚು ತೆಗೆದು ಡಿಸ್ಕಿನಲ್ಲಿಟ್ಟು, ಆಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡುತ್ತದೆ. ಕೆಟ್ಟವನಿಂದ ಪಂಚನಾಮೆ ಬರೆಸುವ ಬದಲು ಕೆಡದ ಇನ್ನೊಬ್ಬನಿಂದ ಬರೆಸುವುದು. ಸರಳಗೊಳಿಸುವುದೆಂದರೆ ಕೆಲಸವನ್ನೇ ಕೈಬಿಡುವುದೆಂದಲ್ಲ, ಅದನ್ನು ಮಾಡಬಲ್ಲವನ ಕೈಗೆ ಕೊಡುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಡಿಸ್ಕಿನ ಕಡೆಯಿಂದಲೂ ಸಹಾಯ ಬಂತು. ಹಿಂದೆಲ್ಲ ಯಂತ್ರ ತಟ್ಟನೆ ನಿಂತರೆ ಮತ್ತೆ ಎದ್ದಾಗ ಡಿಸ್ಕಿನ ಮೂಲೆ ಮೂಲೆಯನ್ನೂ ಪರಿಶೀಲಿಸಬೇಕಿತ್ತು. ಡಿಸ್ಕು ದೊಡ್ಡದಾದಂತೆ ಅದಕ್ಕೆ ತಾಸುಗಟ್ಟಲೆ ಹಿಡಿಯತೊಡಗಿತು. ಆಮೇಲೆ ದಿನಚರಿ ಬರೆಯುವ ಪದ್ಧತಿ ಬಂತು. ಏನು ಬದಲಿಸಲಿದ್ದೇನೆ ಎಂಬುದನ್ನು ಮೊದಲು ದಿನಚರಿಯಲ್ಲಿ ಬರೆದು ನಂತರ ಬದಲಿಸುವುದು. ನಡುವೆ ಕರೆಂಟು ಹೋದರೂ ದಿನಚರಿಯ ಕೊನೆಯ ಪುಟ ನೋಡಿದರೆ ಸಾಕು, ಎಲ್ಲಿ ನಿಂತಿತ್ತೆಂದು ತಿಳಿಯುತ್ತದೆ. ವಿಂಡೋಸ್ ಎನ್‌ಟಿಯಲ್ಲಿ ಇದು 1993ರಿಂದಲೇ ಇತ್ತು. ಲಿನಕ್ಸ್‌ನ ಜನಪ್ರಿಯ ಕಡತ ವ್ಯವಸ್ಥೆಗೆ 2001ರಲ್ಲಿ ಬಂತು. ಏಳುವುದು ಅಗ್ಗವಾದಷ್ಟೂ ಬೀಳುವ ಭಯ ಕಡಿಮೆಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ 2003ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಾವಧಾನವಾಗಿ ನಿಲ್ಲಿಸುವುದಕ್ಕೆ ಒಂದು ದಾರಿ, ಬಿದ್ದಾಗ ಏಳುವುದಕ್ಕೆ ಇನ್ನೊಂದು ದಾರಿ ಯಾಕೆ? ನಿಲ್ಲುವುದೆಂದರೆ ಬೀಳುವುದೇ, ಶುರುವಾಗುವುದೆಂದರೆ ಚೇತರಿಸಿಕೊಳ್ಳುವುದೇ ಎಂದಿಟ್ಟುಕೊಂಡು ತಂತ್ರಾಂಶ ಕಟ್ಟಿ ಎಂದರು. ಆಗ ಚೇತರಿಕೆಯ ಸಾಲುಗಳು ಅಟ್ಟ ಸೇರುವುದಿಲ್ಲ, ದಿನವೂ ಓಡುತ್ತವೆ.

ಇಲ್ಲಿಯವರೆಗೆ ಕೇಳಿದರೆ ರಿಚಿಯವರ ಕಡೆಯೇ ನ್ಯಾಯ ಎನ್ನಿಸುತ್ತದೆ. ಆದರೆ ಅವರ ಮಾತಿನ ಕೊನೆಯ ತುದಿಯನ್ನು ನಾವು ಮರೆಯುವ ಹಾಗಿಲ್ಲ. ಕಾರಿಡಾರಿನತ್ತ ಮುಖ ಮಾಡಿ ಕೂಗುವುದು. ಅಂದರೆ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಬಿಡುವಿದೆ, ಅವನು ಗುಂಡಿ ಒತ್ತಿದರೆ ಯಂತ್ರ ಏಳುತ್ತದೆ ಎಂಬ ನಂಬಿಕೆ ಅದರಲ್ಲಿದೆ. ಕಾರಿಡಾರೇ ಇಲ್ಲದ ಕಡೆ?

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕುರೂ ಉಡಾವಣಾ ನೆಲೆಯಿಂದ ಯೂರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ಮೇಲೆದ್ದಿತು. ಸುಮಾರು 37 ಸೆಕೆಂಡಿನಲ್ಲಿ ದಾರಿ ತಪ್ಪಿ, ಮುರಿದು, ಸ್ಫೋಟಿಸಿತು. ನಾಲ್ಕು ಉಪಗ್ರಹಗಳು ಅದರೊಂದಿಗೇ ಹೋದವು. ಆಗಿದ್ದಿಷ್ಟು: ರಾಕೆಟ್ಟಿನ ನಿಲುವನ್ನು ಅಳೆಯುವ ಕಂಪ್ಯೂಟರು ಅಡ್ಡವೇಗಕ್ಕೆ ಸಂಬಂಧಿಸಿದ ದೊಡ್ಡ ಸಂಖ್ಯೆಯೊಂದನ್ನು 16 ಬಿಟ್ಟಿನ ಪುಟ್ಟ ಡಬ್ಬಿಗೆ ತುರುಕಲು ಹೋಯಿತು. ಆ ಡಬ್ಬಿಯಲ್ಲಿ ಹಿಡಿಯುವುದು 32,767ರವರೆಗೆ ಮಾತ್ರ. ಹಳೆಯ ಏರಿಯಾನ್-4ರಲ್ಲಿ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ, ಅದರ ತಂತ್ರಾಂಶವನ್ನೇ ಇಲ್ಲೂ ಬಳಸಿದ್ದರು. ತಪ್ಪು ಕಂಡರೆ ನಿಂತುಬಿಡು ಎಂಬುದು ಆ ಕಂಪ್ಯೂಟರಿಗೆ ಇದ್ದ ಆಜ್ಞೆ. ಅದು ನಿಂತಿತು. ಪಕ್ಕದಲ್ಲೇ ಬದಲಿ ಕಂಪ್ಯೂಟರು ಇತ್ತಲ್ಲ? ಇತ್ತು. ಅದರಲ್ಲೂ ಅದೇ ತಂತ್ರಾಂಶ, ಅದೇ ಸಂಖ್ಯೆ. ಸೆಕೆಂಡಿನ ನೂರರಲ್ಲಿ ಏಳು ಪಾಲಿನಷ್ಟು ಮೊದಲೇ ಅದೂ ನಿಂತಿತ್ತು. ನಿಂತ ಕಂಪ್ಯೂಟರು ತನ್ನ ಕೊನೆಯ ಮಾತಾಗಿ ಕಳಿಸಿದ ದೋಷ ವಿವರವನ್ನು ರಾಕೆಟ್ಟಿನ ಮುಖ್ಯ ಕಂಪ್ಯೂಟರು ನಿಜವಾದ ಅಳತೆಯೆಂದೇ ತಿಳಿದು ರಾಕೆಟ್ಟನ್ನು ತಿರುಗಿಸಿಬಿಟ್ಟಿತು.

ತನಿಖಾ ಸಮಿತಿಯ ಮಾತು ನಮ್ಮ ಕಥೆಗೆ ಮುಖ್ಯ. ಬರೀ ಸಂಖ್ಯೆಯ ತಪ್ಪಷ್ಟೇ ಅಲ್ಲ, ತಪ್ಪು ಕಂಡಾಗ ನಿಂತುಬಿಡಬೇಕೆಂಬ ತೀರ್ಮಾನವೇ ಮಾರಕವಾಯಿತು ಎಂದಿತು ಸಮಿತಿ. ಯಂತ್ರಭಾಗ ಆಕಸ್ಮಿಕವಾಗಿ ಕೆಡುವುದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಆ ಆಜ್ಞೆ ಬರೆದಿದ್ದರು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ತಂತ್ರಾಂಶದ ತಪ್ಪು ಹಾಗಲ್ಲ. ಅವಳಿಗಳಿಬ್ಬರಿಗೂ ಅದು ಹುಟ್ಟಿನಿಂದಲೇ ಬಂದಿರುತ್ತದೆ.

ಇದಕ್ಕೆ ಎದುರಾಗಿ 1969ರ ಜುಲೈ 20ನ್ನು ಇಟ್ಟು ನೋಡಿ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿಯುತ್ತಿದ್ದಾರೆ. ನೌಕೆಯ ಕಂಪ್ಯೂಟರು 1202 ಎಂಬ ಎಚ್ಚರಿಕೆ ತೋರಿಸುತ್ತಿದೆ. ಸ್ವಲ್ಪ ಹೊತ್ತಿಗೆ 1201. ಕೆಲಸ ಹೆಚ್ಚಾಯಿತು, ಜಾಗ ಸಾಲದು ಎಂದು ಅದರ ಅರ್ಥ. ಬೇಡದ ರೇಡಾರ್ ಒಂದು ಅದರ ಸಮಯವನ್ನು ಕದಿಯುತ್ತಿತ್ತು. ಆ ಕಂಪ್ಯೂಟರು ಪ್ರತಿ ಸಲವೂ ಕೆಲಸ ನಿಲ್ಲಿಸಿತು, ಕ್ಷಣಮಾತ್ರದಲ್ಲಿ ಮತ್ತೆ ಶುರುಮಾಡಿತು. ಶುರುಮಾಡುವಾಗ ನೌಕೆಯನ್ನು ಇಳಿಸುವ ಕೆಲಸವನ್ನು ಬಿಟ್ಟಲ್ಲಿಂದ ಎತ್ತಿಕೊಂಡಿತು, ಮುಖ್ಯವಲ್ಲದ್ದನ್ನು ಕೈಬಿಟ್ಟಿತು. ಎಂಐಟಿಯಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಮುಂದಾಳಾಗಿದ್ದ ತಂಡದ ತಂತ್ರಾಂಶ ಅದು. ನಿಲ್ಲುವುದು ಅಲ್ಲೂ ಸರಳವೇ. ಆದರೆ ಏಳುವುದು ಹೇಗೆಂದು ಮೊದಲೇ ಕೂತು ಯೋಚಿಸಿದ್ದರು.

1997ರಲ್ಲಿ ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯದ್ದೂ ಇದೇ ಬಗೆ. ಇಳಿದ ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರು ಮತ್ತೆ ಮತ್ತೆ ತಾನಾಗಿ ನಿಂತು ಚಾಲೂ ಆಗತೊಡಗಿತು. ಒಂದು ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ ಇಡೀ ಯಂತ್ರವನ್ನು ಮರುಚಾಲನೆ ಮಾಡುವ ಕಾವಲು ಅದರಲ್ಲಿತ್ತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಹಾಳು. ಆದರೆ ನೌಕೆ ಹಾಳಾಗಲಿಲ್ಲ. ಭೂಮಿಯ ಮೇಲಿದ್ದ ಎಂಜಿನಿಯರುಗಳು ಅದರ ಅವಳಿ ಯಂತ್ರದಲ್ಲಿ ಅದೇ ತಪ್ಪನ್ನು ಮರುಕಳಿಸುವಂತೆ ಮಾಡಿ ಕಾರಣ ಹಿಡಿದರು. ಕೆಳದರ್ಜೆಯ ಕೆಲಸವೊಂದು ಬೀಗದ ಕೈ ಹಿಡಿದು ಕೂತಿತ್ತು. ಅದನ್ನು ನಡುದರ್ಜೆಯ ಕೆಲಸ ತಡೆದು ನಿಲ್ಲಿಸಿತ್ತು. ಮೇಲ್ದರ್ಜೆಯ ಕೆಲಸ ಬಾಗಿಲಲ್ಲಿ ಕಾಯುತ್ತಿತ್ತು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪರಿಹಾರವನ್ನು ರೇಡಿಯೋ ಮೂಲಕ ಮಂಗಳಕ್ಕೇ ಕಳಿಸಿದರು.

ಈ ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೆಟ್ಟ ಕ್ಷಣದಲ್ಲಿ ಕರ್ನೆಲ್ ಮಾಡುವ ಕೆಲಸ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಆದರೆ ಅಲ್ಲಿ ಉಳಿಸಿದ ಬುದ್ಧಿಯನ್ನು ಮರುಚಾಲನೆಯ ಕಡೆ ಖರ್ಚು ಮಾಡಲೇಬೇಕು. ಒಂದು ಕಡೆ ಕಿತ್ತ ಕಗ್ಗಂಟು ಇನ್ನೊಂದು ಕಡೆ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸರಳತೆ ಎಂಬುದು ಜವಾಬ್ದಾರಿಯನ್ನು ಬೇರೆಯವರ ತಲೆಗೆ ಕಟ್ಟುವ ಉಪಾಯವಾಗುತ್ತದೆ.

ಲಿನಕ್ಸ್ ಬಳಗದಲ್ಲಿ ಈ ವಾದ ಇಂದಿಗೂ ನಡೆದಿದೆ. ಆಗಬಾರದ್ದು ಆಗಿದೆ ಎಂದು ಗೊತ್ತಾದ ಕೂಡಲೇ ಯಂತ್ರವನ್ನು ಬೀಳಿಸುವ ‘ಬಗ್’ ಎಂಬ ಆಜ್ಞೆಯನ್ನು ಚಾಲಕ ತಂತ್ರಾಂಶ ಬರೆಯುವವರು ಮೊದಮೊದಲು ಕೈಗೆ ಬಂದಂತೆ ಬಳಸುತ್ತಿದ್ದರು. ಲಿನಸ್ ಟೊರ್ವಾಲ್ಡ್ಸ್ ಅವರಿಗೆ ಅದು ಸುತರಾಂ ಹಿಡಿಸದು. ಮನೆಯಲ್ಲಿ ಕೂತು ಬಳಸುವವನ ಯಂತ್ರವನ್ನು ಸಣ್ಣ ಅನುಮಾನಕ್ಕೆಲ್ಲ ಕೊಲ್ಲಬೇಡಿ. ಎಚ್ಚರಿಕೆ ಬರೆದಿಟ್ಟು, ಸಾಧ್ಯವಾದರೆ ಆ ಒಂದು ಕೆಲಸವನ್ನು ಕೈಬಿಟ್ಟು ಮುಂದೆ ಹೋಗಿ ಎಂಬುದು ಅವರ ಹಟ. ಈಗ ಕರ್ನೆಲ್ ಬರೆಯುವವರಿಗಿರುವ ನಿಯಮಾವಳಿಯಲ್ಲೂ ಅದೇ ಮಾತಿದೆ. ಆದರೆ ಸಾವಿರಾರು ಯಂತ್ರಗಳ ದಂಡು ಇಟ್ಟುಕೊಂಡವರಿಗೆ ಬೇರೆಯದೇ ಲೆಕ್ಕ. ಅನುಮಾನದ ಯಂತ್ರ ಓಡುವುದಕ್ಕಿಂತ ಸಾಯುವುದು ಮೇಲು, ಪಕ್ಕದ ಯಂತ್ರ ಅದರ ಕೆಲಸ ಎತ್ತಿಕೊಳ್ಳುತ್ತದೆ. ಅಂಥವರಿಗಾಗಿ, ಎಚ್ಚರಿಕೆ ಬಂದರೂ ನಿಂತುಬಿಡು ಎಂದು ಹೇಳುವ ಗುಂಡಿಯೂ ಲಿನಕ್ಸ್‌ನಲ್ಲಿದೆ. ನಿಲ್ಲಬೇಕೋ ಬೇಡವೋ ಎಂಬುದು ಕೊನೆಗೂ ಎಬ್ಬಿಸುವವರು ಯಾರು ಎಂಬುದರ ಮೇಲೆ ನಿಂತಿದೆ.

ಈಗ 2024ರ ಆ ಶುಕ್ರವಾರಕ್ಕೆ ಮತ್ತೆ ಬನ್ನಿ. ಕ್ರೌಡ್‌ಸ್ಟ್ರೈಕ್ ಕೆಟ್ಟ ಫೈಲನ್ನು ಹಿಂತೆಗೆದುಕೊಳ್ಳಲು ತೆಗೆದುಕೊಂಡದ್ದು 78 ನಿಮಿಷ ಮಾತ್ರ. ಹಾಗಿದ್ದರೂ ದಿನಗಟ್ಟಲೆ ಪರದಾಟ ಯಾಕಾಯಿತು? ವಿಂಡೋಸ್ ನಿಂತದ್ದು ಸರಿಯಾಗಿಯೇ ಇತ್ತು. ಮತ್ತೆ ಎದ್ದಾಗ ಆ ಸುರಕ್ಷಾ ಪ್ರೋಗ್ರಾಮು ಎಲ್ಲರಿಗಿಂತ ಮೊದಲು ಎದ್ದು, ಅದೇ ಫೈಲನ್ನು ಓದಿ, ಮತ್ತೆ ಬೀಳಿಸಿತು. ಎದ್ದಿತು, ಬಿತ್ತು. ಯಂತ್ರ ಜಾಲಕ್ಕೆ ಸೇರಿ ಸರಿಪಡಿಸಿದ ಫೈಲನ್ನು ತರಿಸಿಕೊಳ್ಳುವಷ್ಟು ಹೊತ್ತು ಬದುಕಿರುತ್ತಿರಲಿಲ್ಲ. ಕೆಲವು ಯಂತ್ರಗಳು ಹದಿನೈದು ಬಾರಿ ಮರುಚಾಲನೆ ಮಾಡಿದ ಮೇಲೆ ಸರಿಹೋದವಂತೆ. ಉಳಿದವುಗಳ ಮುಂದೆ ಮನುಷ್ಯನೊಬ್ಬ ಹೋಗಿ ಕೂತು, ಸುರಕ್ಷಿತ ವಿಧಾನದಲ್ಲಿ ಚಾಲೂ ಮಾಡಿ, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದ ಕಡೆ ಉದ್ದನೆಯ ಕೀಲಿಸಂಖ್ಯೆಯನ್ನೂ ಹುಡುಕಿ ತರಬೇಕಿತ್ತು. 85 ಲಕ್ಷ ಯಂತ್ರಗಳು ಒಟ್ಟಿಗೆ ಕೂಗಿದವು. ಅಷ್ಟೊಂದು ಕಾರಿಡಾರುಗಳಲ್ಲಿ ಜನ ಎಲ್ಲಿದ್ದರು?

ಪಾಠ ಕಲಿತ ಗುರುತುಗಳು ಆಮೇಲೆ ಕಂಡವು. ಯಂತ್ರ ಮತ್ತೆ ಮತ್ತೆ ಏಳಲಾರದೆ ಬಿದ್ದರೆ ಬೇರೆಯೇ ಒಂದು ಪುಟ್ಟ ವ್ಯವಸ್ಥೆಯಲ್ಲಿ ಎದ್ದು, ಜಾಲಕ್ಕೆ ಸೇರಿ, ಪರಿಹಾರವನ್ನು ತಾನೇ ತಂದುಕೊಳ್ಳುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿತು. ಸುರಕ್ಷಾ ಪ್ರೋಗ್ರಾಮುಗಳನ್ನು ಉಗ್ರಾಣದಿಂದ ಹೊರಗೆ ಕೂರಿಸುವ ಪ್ರಯತ್ನವನ್ನೂ ಶುರುಮಾಡಿತು. ಫೋನುಗಳಲ್ಲಿ ಇಂಥ ಎಚ್ಚರ ಇನ್ನೂ ಹಳೆಯದು. 2016ರ ಆಂಡ್ರಾಯ್ಡ್ 7ರಿಂದ ಎಷ್ಟೋ ಫೋನುಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಎರಡು ಪ್ರತಿಗಳಿಗೆ ಜಾಗವಿರುತ್ತದೆ. ಹೊಸದು ಎದ್ದು ನಿಲ್ಲದಿದ್ದರೆ ಫೋನು ಹಳೆಯದಕ್ಕೆ ತಾನಾಗಿ ಮರಳುತ್ತದೆ.

ನೀಲಿ ಪರದೆಯೂ ಬದಲಾಗಿದೆ. 1993ರ ವಿಂಡೋಸ್ ಎನ್‌ಟಿಯಲ್ಲಿ ಅದರ ತುಂಬ ಅಂಕಿಗಳ ಜಾತ್ರೆ. ‘ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂದು ಅದು ಹೇಳಿದರೆ ಬಳಸುವವನಿಗೆ ಯಾವುದೋ ಶಾಪ ಕೇಳಿದಂತಾಗುತ್ತಿತ್ತು. 2012ರ ವಿಂಡೋಸ್ 8ರಲ್ಲಿ ಅಂಕಿಗಳು ಹೋಗಿ ಅಳುಮೋರೆಯೊಂದು ಬಂತು. 2025ರಲ್ಲಿ ಅಳುಮೋರೆಯೂ ಹೋಯಿತು, ನೀಲಿ ಬಣ್ಣವೂ ಹೋಯಿತು. ಕಪ್ಪು ಪರದೆ, ಎರಡು ಮಾತು, ಒಂದು ಸಂಕೇತ. ನೋಡುವವನಿಗೆ ಗಾಬರಿ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಮಾತು ಕಡಿಮೆ ಮಾಡುವ ಭರದಲ್ಲಿ ಆ ಸಂಕೇತವನ್ನೂ ತೆಗೆದುಬಿಟ್ಟರೆ ರಿಪೇರಿಯವನು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. 1975ರ ಯುನಿಕ್ಸ್ ಕೂಡ ನಿಲ್ಲುವ ಮುನ್ನ ಕಾರಣವನ್ನು ಹೇಳಿಯೇ ನಿಲ್ಲುತ್ತಿತ್ತು.

ಇದೆಲ್ಲ ಕಂಪನಿಗಳ ಮಾತಾಯಿತು, ನಮಗೇನು ಎನ್ನುವಿರಾ? ನಿಮ್ಮ ಮನೆಯ, ಅಂಗಡಿಯ, ಶಾಲೆಯ ಕಂಪ್ಯೂಟರು ಒಂದು ದಿನ ಹೀಗೆ ನಿಂತೇ ನಿಲ್ಲುತ್ತದೆ. ಆಗ ಅದನ್ನು ಬೈಯಬೇಡಿ. ಬಹುಮಟ್ಟಿಗೆ ಅದು ನಿಮ್ಮ ಕಡತಗಳನ್ನು ಉಳಿಸಲೆಂದೇ ನಿಂತಿರುತ್ತದೆ. ಪರದೆಯ ಮೇಲಿನ ಸಂಕೇತವನ್ನು ಬರೆದುಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮರುಚಾಲನೆ ಮಾಡಿ. ಒಂದೇ ಸಲವಾದರೆ ಮರೆತುಬಿಡಿ. ಅದೇ ಸಂಕೇತ ಎರಡು ಮೂರು ಸಲ ಬಂದರೆ ಇತ್ತೀಚೆಗೆ ಏನು ಹೊಸದಾಗಿ ಸೇರಿಸಿದಿರಿ ಎಂದು ನೋಡಿ, ರಿಪೇರಿಯವರಿಗೆ ಆ ಸಂಕೇತವನ್ನೇ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದ ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆ ಅದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರದಿರಲಿ, ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಇನ್ನು ಆಸ್ಪತ್ರೆ, ಬ್ಯಾಂಕು, ರೈಲು, ವಿದ್ಯುತ್ ಕೇಂದ್ರಗಳಿಗೆ ತಂತ್ರಾಂಶ ಕೊಳ್ಳುವ ಅಧಿಕಾರಿಗಳಿಗೆ ಒಂದು ಪ್ರಶ್ನೆ. ಮಾರಲು ಬಂದವರನ್ನು ‘ನಿಮ್ಮ ಯಂತ್ರ ಎಷ್ಟು ವೇಗ, ಎಷ್ಟು ಅಗ್ಗ’ ಎಂದು ಎಲ್ಲರೂ ಕೇಳುತ್ತಾರೆ. ‘ನಡುರಾತ್ರಿ ಎರಡು ಗಂಟೆಗೆ ಇದು ನಿಂತರೆ ಎಬ್ಬಿಸುವವರು ಯಾರು, ಎಷ್ಟು ನಿಮಿಷದಲ್ಲಿ, ಅವರಿಗೂ ಸಿಗದಿದ್ದರೆ ಕೈಬರಹದ ಪುಸ್ತಕ ಎಲ್ಲಿದೆ’ ಎಂದೂ ಕೇಳುತ್ತೀರಾ?